‘ಬೆಳಗು’ : ಶಬ್ದಮೂಲ ಮತ್ತು ಅರ್ಥವಿಸ್ತಾರ

ದೇವರ ಮನೆಯ ಹಿತ್ತಾಳೆಯ ದೀಪವನ್ನು ಮನೆಯಾಕೆ ಮಧ್ಯಾಹ್ನದ ಹೊತ್ತಿಗೆ ಹಿತ್ತಲಿಗೊಯ್ದು ಹುಣಿಸೆಹಣ್ಣು ಮತ್ತು ಬೂದಿಗಳಿಂದ ತಿಕ್ಕಿ ತೊಳೆಯುತ್ತಾಳೆ. ಆ ಕೆಲಸಕ್ಕೆ ‘ದೀಪ ಬೆಳಗುವುದು’ ಎಂದು ಹೆಸರು. ಸಂಜೆ ಎಣ್ಣೆ ಬತ್ತಿಗಳನ್ನಿಟ್ಟು ಹೊತ್ತಿಸಿದಾಗ ಅದೇ ದೀಪ ‘ಬೆಳಗುತ್ತದೆ’. ಪೂಜೆಯ ಕೊನೆಯಲ್ಲಿ ಜ್ಯೋತಿಯನ್ನೆತ್ತಿ ಲಿಂಗದ ಮುಂದೆ ಸುತ್ತಿಸಿದರೆ ‘ಆರತಿ ಬೆಳಗಿದರು’ ಎನ್ನುವುದು ರೂಢಿ. ರಾತ್ರಿ ಕಳೆದು ಮೂಡಣ ದಿಕ್ಕು ಕೆಂಪೇರಿದಾಗ ‘ಬೆಳಗಾಯಿತು’. ಪಾತ್ರೆಯನ್ನು ತಿಕ್ಕುವುದು, ದೀಪ ಉರಿಯುವುದು, ಆರತಿ ಎತ್ತುವುದು, ದಿನ ಹುಟ್ಟುವುದು ಎಂಬ ನಾಲ್ಕು ಬೇರೆ ಬೇರೆ ಸಂಗತಿಗಳಿಗೆ ಕನ್ನಡವು ಒಂದೇ ಶಬ್ದವನ್ನು ಇಟ್ಟುಕೊಂಡಿದೆ.

ಇವು ಒಂದೇ ಉಚ್ಚಾರಣೆಯುಳ್ಳ ನಾಲ್ಕು ಶಬ್ದಗಳೋ, ಅಥವಾ ನಾಲ್ಕು ಕವಲಾಗಿ ಬೆಳೆದ ಒಂದೇ ಶಬ್ದವೋ? ಒಂದೇ ಆಗಿದ್ದರೆ ಮೂಲಾರ್ಥ ಯಾವುದು: ಉಜ್ಜುವುದೋ, ಪ್ರಕಾಶಿಸುವುದೋ? ಇದು ಕೇವಲ ನಿಘಂಟುಕಾರರ ಪ್ರಶ್ನೆಯಲ್ಲ. ಶರಣರ ವಚನಗಳಲ್ಲಿ ‘ಬೆಳಗು’ ಎಂಬುದು ಪರವಸ್ತುವನ್ನೇ ಸೂಚಿಸುವ ಹಿರಿಯ ಶಬ್ದ. ಅದರ ಅಡುಗೆಮನೆಯ ಅರ್ಥವನ್ನು ಮರೆತ ಓದುಗನಿಗೆ ಆ ಹಿರಿಯ ಅರ್ಥವೂ ಅರ್ಧವಾಗಿಯೇ ದಕ್ಕುತ್ತದೆ. ಆದುದರಿಂದ ಈ ಶಬ್ದದ ಹುಟ್ಟು ಬೆಳವಣಿಗೆಗಳನ್ನು ಕ್ರಮವಾಗಿ ವಿಚಾರಿಸುವುದು ಯುಕ್ತವಾಗಿದೆ.

ಮೇಲ್ಮೈಗೊಂದು ಕ್ರಿಯಾಪದ

ವಸ್ತುವಿನ ಮೇಲ್ಮೈಯನ್ನು ಶುಚಿಗೊಳಿಸುವ ಅಥವಾ ಹೊಳೆಯಿಸುವ ಕೆಲಸಕ್ಕೆ ಕನ್ನಡದಲ್ಲಿ ಒಂದು ಶಬ್ದವಲ್ಲ, ಶಬ್ದಗಳ ದೊಡ್ಡ ಕುಟುಂಬವೇ ಇದೆ. ನೀರಿನಿಂದಾದರೆ ‘ತೊಳೆ’, ಬಟ್ಟೆಯಿಂದಾದರೆ ‘ಒರಸು’, ಒತ್ತಿ ಎಳೆದಾಡಿದರೆ ‘ಉಜ್ಜು’, ‘ತಿಕ್ಕು’. ಮಣ್ಣಿನ ನೆಲವನ್ನು ಸೆಗಣಿಯಿಂದ ‘ಸಾರಿಸು’ತ್ತಾರೆ; ಗೋಡೆಗೆ ಸುಣ್ಣ ‘ಬಳಿ’ಯುತ್ತಾರೆ. ಕತ್ತಿಗೂ ರತ್ನಕ್ಕೂ ‘ಸಾಣೆ ಹಿಡಿ’ಯುತ್ತಾರೆ, ಈ ‘ಸಾಣೆ’ ಸಂಸ್ಕೃತದ ‘ಶಾಣ’ದಿಂದ ಬಂದುದು. ಚಿನ್ನವನ್ನು ‘ಒರೆಗೆ ಹಚ್ಚು’ತ್ತಾರೆ. ಮರಕ್ಕೆ ‘ಮೆರುಗು ಕೊಡು’ತ್ತಾರೆ, ಅದಕ್ಕಾಗಿ ಬಳಸುವ ಎಣ್ಣೆ ‘ಮೆರುಗೆಣ್ಣೆ’. ಹಳೆಯ ಕಾವ್ಯಗಳ ಭಾಷೆಯಲ್ಲಿ ನಯಗೊಳಿಸಿ ಕಾಂತಿ ತರುವುದಕ್ಕೆ ‘ಒಪ್ಪವಿಡು’ ಎಂಬ ಮಾತೂ ಉಂಟು. ‘ಒಪ್ಪ ಓರಣ’ ಎಂಬ ಇಂದಿನ ಜೋಡುನುಡಿಯಲ್ಲಿ ಆ ‘ಒಪ್ಪ’ವು ಅಚ್ಚುಕಟ್ಟು ಎಂಬ ಅರ್ಥದಲ್ಲಿ ಉಳಿದುಕೊಂಡಿದೆ.

ಈ ಶಬ್ದಗಳನ್ನು ಒಂದೆಡೆ ಇಟ್ಟು ನೋಡಿದರೆ ಒಂದು ವಿಂಗಡಣೆ ತಾನಾಗಿಯೇ ತೋರಿಬರುತ್ತದೆ. ಕೆಲವು ಕ್ರಿಯೆಗಳು ಹೊರಗಿನಿಂದ ಏನನ್ನೋ ತಂದು ಸೇರಿಸುತ್ತವೆ. ಸುಣ್ಣವಿಲ್ಲದೆ ಬಳಿಯುವಂತಿಲ್ಲ, ಎಣ್ಣೆಯಿಲ್ಲದೆ ಮೆರುಗು ಕೊಡುವಂತಿಲ್ಲ. ಕೆಲವು ಕ್ರಿಯೆಗಳು ಇದ್ದುದನ್ನು ತೆಗೆಯುತ್ತವೆ. ತೊಳೆಯುವುದು, ಒರಸುವುದು ಈ ಬಗೆಯವು. ಕೆಲವು ಕೈಯ ಚಲನೆಯನ್ನಷ್ಟೇ ಹೇಳುತ್ತವೆ, ಫಲವನ್ನು ಹೇಳುವುದಿಲ್ಲ. ಉಜ್ಜು, ತಿಕ್ಕು ಇಂಥವು. ತಿಕ್ಕಿದ ಮಾತ್ರಕ್ಕೆ ಪಾತ್ರೆ ಹೊಳೆಯಲೇಬೇಕೆಂಬ ನಿಯಮವಿಲ್ಲ. ‘ಬೆಳಗು’ ಮಾತ್ರ ಈ ಮೂರು ಗುಂಪಿಗೂ ಸೇರದೆ ನಿಲ್ಲುತ್ತದೆ. ಅದು ಸೇರಿಸುವುದನ್ನೂ ಹೇಳುವುದಿಲ್ಲ, ತೆಗೆಯುವುದನ್ನೂ ಹೇಳುವುದಿಲ್ಲ, ಕೈಯ ಚಲನೆಯನ್ನೂ ಹೇಳುವುದಿಲ್ಲ. ಅದು ಹೇಳುವುದು ವಸ್ತುವಿಗೆ ಆಗುವ ಫಲವನ್ನು. ‘ಪಾತ್ರೆಯನ್ನು ಬೆಳಗಿದಳು’ ಎಂದರೆ ಪಾತ್ರೆಯು ಬೆಳಗುವಂತೆ ಮಾಡಿದಳು ಎಂದೇ ಅಕ್ಷರಾರ್ಥ.

ಧಾತುವಿನ ವಿಚಾರ

‘ಬೆಳಗು’ ಎಂಬುದರ ಮೂಲ ‘ಬೆಳ್’. ಬಿಳುಪು, ಹೊಳಪು, ನಿರ್ಮಲತೆ ಇವು ಅದರ ಅರ್ಥಗಳು. ಕನ್ನಡದ ನಿತ್ಯ ವ್ಯವಹಾರದಲ್ಲಿ ಈ ಧಾತು ತುಂಬಿಕೊಂಡಿದೆ. ಬಿಳಿಯ ಲೋಹ ‘ಬೆಳ್ಳಿ’. ಮುಂಜಾವದಲ್ಲಿ ಮೂಡುವ ಶುಕ್ರವೂ ‘ಬೆಳ್ಳಿ’ಯೇ. ಬಿಳಿಯ ತಿಂಗಳ ಬೆಳಕು ‘ಬೆಳ್ದಿಂಗಳು’, ಅದೇ ಇಂದಿನ ಬೆಳದಿಂಗಳು. ಬಿಳಿಯ ಉಳ್ಳಿ ‘ಬೆಳ್ಳುಳ್ಳಿ’, ಬಿಳಿಯ ಹಕ್ಕಿ ‘ಬೆಳ್ಳಕ್ಕಿ’, ಅರಸರ ಬಿಳಿಯ ಕೊಡೆ ‘ಬೆಳ್ಗೊಡೆ’. ಶ್ರವಣಬೆಳಗೊಳದ ಹೆಸರಿನಲ್ಲಿರುವ ‘ಬೆಳ್ಗೊಳ’ವು ಬಿಳಿಯ ಕೊಳವೆಂದು ಪ್ರಸಿದ್ಧವಾಗಿಯೇ ಇದೆ.

ಸೋದರಭಾಷೆಗಳಲ್ಲಿಯೂ ಈ ಮೂಲ ಸ್ಪಷ್ಟವಾಗಿದೆ. ತಮಿಳಿನಲ್ಲಿ ‘ವೆಳ್’ ಎಂದರೆ ಬಿಳಿ, ‘ವೆಳ್ಳಿ’ ಎಂದರೆ ಬೆಳ್ಳಿ. ತುಳುವಿನಲ್ಲಿ ‘ಬೊಳ್ಳಿ’, ‘ಬೊಳ್ದು’ ಎಂಬ ರೂಪಗಳಿವೆ. ತೆಲುಗಿನಲ್ಲಿ ಬೆಳಕಿಗೆ ‘ವೆಲುಗು’. ಮಲೆಯಾಳದಲ್ಲಿಯೂ ತಮಿಳಿನಲ್ಲಿಯೂ ದೀಪಕ್ಕೆ ‘ವಿಳಕ್ಕು’. ಇಲ್ಲಿ ಎರಡು ಧ್ವನಿವ್ಯತ್ಯಾಸಗಳು ಕಾಣುತ್ತವೆ, ಎರಡೂ ನಿಯಮಬದ್ಧವಾದವು. ತಮಿಳಿನ ಪದಾದಿ ವಕಾರಕ್ಕೆ ಕನ್ನಡದಲ್ಲಿ ಬಕಾರ ಬರುತ್ತದೆ: ಅಲ್ಲಿ ‘ವಾಯ್’, ಇಲ್ಲಿ ‘ಬಾಯ್’, ಅಲ್ಲಿ ‘ವೇರ್’, ಇಲ್ಲಿ ‘ಬೇರ್’. ಮುಂದಿನ ಅಕ್ಷರದಲ್ಲಿ ಅಕಾರ ಅಥವಾ ಐಕಾರವಿದ್ದಾಗ ತಮಿಳಿನ ಇಕಾರಕ್ಕೆ ಕನ್ನಡದಲ್ಲಿ ಎಕಾರ ಬರುತ್ತದೆ: ‘ಇಲೈ’ ಎಂಬುದು ‘ಎಲೆ’, ‘ನಿನೈ’ ಎಂಬುದು ‘ನೆನೆ’. ಎರಡು ನಿಯಮಗಳೂ ಒಂದೇ ಶಬ್ದದಲ್ಲಿ ಕೂಡಿದ್ದಕ್ಕೆ ‘ವಿರಲ್’ ಮತ್ತು ‘ಬೆರಳ್’, ‘ವಿಲೈ’ ಮತ್ತು ‘ಬೆಲೆ’ ಎಂಬ ಜೋಡಿಗಳು ನಿದರ್ಶನ. ‘ವಿಳಕ್ಕು’ ಮತ್ತು ‘ಬೆಳಗು’ ಇದೇ ದಾರಿಯಲ್ಲಿ ನಡೆದ ಒಡಹುಟ್ಟುಗಳು.

ಧಾನ್ಯ ಬೆಳೆಯುವುದೆಂಬ ಅರ್ಥದ ‘ಬೆಳೆ’ ಎಂಬ ಶಬ್ದವನ್ನು ಇದರೊಡನೆ ಬೆರೆಸಬಾರದು. ಅದಕ್ಕೆ ತಮಿಳಿನಲ್ಲಿ ‘ವಿಳೈ’ ಎಂಬ ಬೇರೆಯ ಸಮಾನರೂಪವಿದೆ. ಉಚ್ಚಾರಣೆಯ ಸಾಮ್ಯವನ್ನು ನೆಚ್ಚಿ ‘ಬೆಳೆಯುವುದೇ ಬೆಳಗುವುದು’ ಎಂದು ವ್ಯಾಖ್ಯಾನಿಸುವುದು ಕೇಳಲು ಇಂಪಾಗಿದ್ದರೂ ಶಬ್ದಶಾಸ್ತ್ರಕ್ಕೆ ಒಪ್ಪುವುದಿಲ್ಲ.

ಬೆಳಗು ಮತ್ತು ಬೆಳಕು

ತಮಿಳು ತಾನಾಗಿ ಪ್ರಕಾಶಿಸುವುದಕ್ಕೆ ‘ವಿಳಂಗು’ ಎಂದೂ, ಮತ್ತೊಂದನ್ನು ಪ್ರಕಾಶಗೊಳಿಸುವುದಕ್ಕೆ ‘ವಿಳಕ್ಕು’ ಎಂದೂ ಎರಡು ರೂಪಗಳನ್ನು ಇಟ್ಟುಕೊಂಡಿದೆ. ಮೊದಲನೆಯದು ಅಕರ್ಮಕ, ಎರಡನೆಯದು ಸಕರ್ಮಕ. ತಮಿಳರು ಪಾತ್ರೆ ತಿಕ್ಕುವುದಕ್ಕೂ ಹಲ್ಲುಜ್ಜುವುದಕ್ಕೂ ‘ವಿಳಕ್ಕು’ ಎನ್ನುತ್ತಾರೆ. ಅರ್ಥವನ್ನು ತಿಳಿಯಾಗಿಸುವ ವಿವರಣೆಯು ಅವರಿಗೆ ‘ವಿಳಕ್ಕಂ’. ಹೀಗೆ ಪಾತ್ರೆ ಉಜ್ಜುವುದು ಮತ್ತು ಬೆಳಕು ಎಂಬ ಅರ್ಥಗಳ ಕೂಟವು ಕನ್ನಡದಲ್ಲಿ ಮಾತ್ರ ಆಕಸ್ಮಿಕವಾಗಿ ಹುಟ್ಟಿದುದಲ್ಲ. ಅದಕ್ಕಿಂತ ಹಳೆಯ ಸಂಪತ್ತು ಎಂದು ತಿಳಿಯಬಹುದು. ತೆಲುಗು ‘ವೆಲುಗು’ ಎಂಬುದನ್ನು ಬೆಳಕಿಗೆ ಉಳಿಸಿಕೊಂಡು ಪಾತ್ರೆ ತಿಕ್ಕುವುದಕ್ಕೆ ‘ತೋಮು’ ಎಂಬ ಬೇರೆ ಶಬ್ದವನ್ನು ಬಳಸುತ್ತದೆ.

ಕನ್ನಡದಲ್ಲಿ ಇಂತಹ ಜೋಡಿರೂಪಗಳ ಕುರುಹು ‘ಅಡಗು’, ‘ಅಡಕು’ ಎಂಬಲ್ಲಿ ಉಳಿದಿದೆ. ತಾನೇ ಮರೆಯಾಗುವುದು ಅಡಗುವುದು. ಮತ್ತೊಂದನ್ನು ಒತ್ತಿ ತುಂಬುವುದು ಅಡಕುವುದು. ತಮಿಳಿನ ‘ಅಡಂಗು’, ‘ಅಡಕ್ಕು’ಗಳೊಡನೆ ಇವು ಸರಿಹೋಗುತ್ತವೆ. ಇದೇ ಹೋಲಿಕೆಯಿಂದ ನೋಡಿದರೆ ‘ಬೆಳಗು’, ‘ಬೆಳಕು’ ಎಂಬುವೂ ಅಂತಹ ಜೋಡಿಯೇ. ಆದರೆ ಇಲ್ಲಿ ಕನ್ನಡವು ಬೇರೆ ದಾರಿ ಹಿಡಿಯಿತು. ‘ಬೆಳಕು’ ನಾಮಪದವಾಗಿ ನಿಂತಿತು. ‘ಬೆಳಗು’ ಎಂಬ ಒಂದೇ ಕ್ರಿಯಾಪದ ಅಕರ್ಮಕವೂ ಸಕರ್ಮಕವೂ ಆಯಿತು. ಮೇಲಾಗಿ ನಾಮಪದವೂ ಆಯಿತು. ‘ಸೂರ್ಯ ಬೆಳಗಿದನು’ ಎಂಬಲ್ಲಿಯೂ ‘ಆಕೆ ತಂಬಿಗೆಯನ್ನು ಬೆಳಗಿದಳು’ ಎಂಬಲ್ಲಿಯೂ ಧಾತು ಒಂದೇ, ಪ್ರತ್ಯಯ ಮಾತ್ರ ಕರ್ತೃವಿಗೆ ತಕ್ಕಂತೆ. ಪ್ರೇರಣಾರ್ಥದ ‘ಬೆಳಗಿಸು’ ಎಂಬ ರೂಪ ಇದ್ದರೂ ಪಾತ್ರೆಯ ವಿಷಯದಲ್ಲಿ ಯಾರೂ ‘ಬೆಳಗಿಸಿದಳು’ ಎನ್ನುವುದಿಲ್ಲ.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಬೆಳಗುವವಳು ಮತ್ತು ಬೆಳಗುವ ವಸ್ತು ಎಂಬ ಇಬ್ಬರಿಗೂ ಭಾಷೆ ಒಂದೇ ಕ್ರಿಯೆಯನ್ನು ಹಂಚಿಕೊಟ್ಟಿದೆ. ಅವಳು ಬೆಳಗುತ್ತಾಳೆ, ಅದು ಬೆಳಗುತ್ತದೆ. ಮಾಡುವ ಕೆಲಸಕ್ಕೂ ಆಗುವ ಫಲಕ್ಕೂ ನಡುವೆ ವ್ಯಾಕರಣದ ಗೋಡೆಯಿಲ್ಲ.

ಅನ್ಯಭಾಷೆಗಳ ದೃಷ್ಟಿ

ಇದೇ ಕೆಲಸವನ್ನು ಬೇರೆ ಭಾಷೆಗಳು ಬೇರೆ ಕಣ್ಣಿನಿಂದ ಕಂಡಿವೆ. ಸಂಸ್ಕೃತದ ‘ಮಾರ್ಜನ’ವು ‘ಮೃಜ್’ ಧಾತುವಿನಿಂದ ಬಂದುದು. ಒರಸಿ ಶುದ್ಧಗೊಳಿಸುವುದು ಅದರ ಅರ್ಥ. ತನ್ನ ಮೈಯನ್ನು ತಾನೇ ನೆಕ್ಕಿ ಶುಚಿಗೊಳಿಸಿಕೊಳ್ಳುವ ಬೆಕ್ಕಿಗೆ ‘ಮಾರ್ಜಾಲ’ವೆಂಬ ಹೆಸರು ಬಂದುದೂ ಈ ಧಾತುವಿನಿಂದಲೇ. ಅದೇ ಭಾಷೆಯ ‘ತಿಜ್’ ಎಂಬ ಧಾತುವಿಗೆ ಹರಿತಗೊಳಿಸುವುದೆಂದು ಅರ್ಥ. ‘ತೀಕ್ಷ್ಣ’, ‘ತೇಜಸ್ಸು’, ‘ಉತ್ತೇಜನ’ಗಳು ಅದರ ಸಂತಾನ. ತೇಜಸ್ಸೆಂದರೆ ಮೊದಲು ಅಲಗಿನ ಮೊನಚು, ಅನಂತರ ಕಾಂತಿ. ಉತ್ತೇಜನವೆಂದರೆ ಮೊದಲು ಮಸೆಯುವುದು, ಅನಂತರ ಹುರಿದುಂಬಿಸುವುದು. ಮಸೆಯುವ ಕೆಲಸದಿಂದ ಸಂಸ್ಕೃತ ಬೆಳಕಿನ ಕಡೆಗೆ ನಡೆಯಿತು.

ಇಂದು ಕನ್ನಡಿಗರ ಬಾಯಲ್ಲಿ ಬೇರೂರಿರುವ ‘ಪಾಲಿಷ್’ ಎಂಬುದು ಇಂಗ್ಲಿಷಿನ ಮೂಲಕ ಬಂದುದು. ಅದರ ಹಿಂದೆ ಫ್ರೆಂಚ್, ಅದರ ಹಿಂದೆ ಲ್ಯಾಟಿನಿನ ‘ಪೊಲೀರೆ’. ನಯವಾಗಿಸುವುದು, ನುಣುಪಾಗಿಸುವುದು ಅದರ ಅರ್ಥ. ಅಲ್ಲಿ ಮುಖ್ಯವಾದುದು ಕೈಗೆ ತಗಲುವ ನುಣುಪು. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಈ ದೃಷ್ಟಿ ತನ್ನ ಕೊನೆಯನ್ನು ಮುಟ್ಟಿದೆ. ಕಾಳಿನ ಮೇಲಣ ತವುಡಿನ ಪದರವನ್ನು ತೇಯ್ದು ತೆಗೆದಾಗ ಅಕ್ಕಿ ಬೆಳ್ಳಗೆ ನುಣ್ಣಗೆ ಕಾಣುತ್ತದೆ. ಆದರೆ ಆ ಪದರದೊಡನೆ ಬಿ-1 ಜೀವಸತ್ತ್ವದ ಬಹುಭಾಗ ಹೊರಟುಹೋಗುತ್ತದೆ. ಅಂತಹ ಅಕ್ಕಿಯನ್ನೇ ನೆಚ್ಚಿದ ನಾಡುಗಳಲ್ಲಿ ‘ಬೆರಿಬೆರಿ’ ರೋಗ ಹಬ್ಬಿದ ಇತಿಹಾಸವಿದೆ. ಮೇಲ್ಮೈ ಹೊಳೆಯಿತು, ಸತ್ತ್ವ ಕಳೆಯಿತು.

ಹೀಗೆ ಒರಸುವುದು, ಮಸೆಯುವುದು, ನುಣುಪುಗೊಳಿಸುವುದು ಎಂಬ ಮೂರು ನೋಟಗಳ ಪಕ್ಕದಲ್ಲಿ ಕನ್ನಡದ ನೋಟವನ್ನು ಇಟ್ಟರೆ ಅದರ ವೈಶಿಷ್ಟ್ಯ ತಿಳಿಯುತ್ತದೆ. ಕನ್ನಡವು ಕೈಯನ್ನೂ ನೋಡಲಿಲ್ಲ, ಕಲ್ಲನ್ನೂ ನೋಡಲಿಲ್ಲ. ವಸ್ತುವಿನೊಳಗಿನಿಂದ ಎದ್ದುಬರುವ ಬೆಳಕನ್ನು ನೋಡಿತು.

ಕಿಲುಬು, ಹುಳಿ, ಬೂದಿ

ಈ ನೋಟಕ್ಕೆ ಲೋಹದ ಸ್ವಭಾವವೇ ಆಧಾರ. ಹಿತ್ತಾಳೆ ಎಂಬುದು ತಾಮ್ರ ಮತ್ತು ಸತುಗಳ ಮಿಶ್ರಣ. ಕಂಚು ತಾಮ್ರ ಮತ್ತು ತವರಗಳ ಮಿಶ್ರಣ. ಗಾಳಿ ಸೋಕಿದಂತೆಲ್ಲ ತಾಮ್ರದ ಮೇಲೆ ಕಪ್ಪು ಛಾಯೆಯ ತೆಳುಪದರ ಕಟ್ಟುತ್ತದೆ. ತೇವವೂ ಗಾಳಿಯೊಳಗಿನ ಇಂಗಾಲಾಮ್ಲವೂ ಸೇರಿದರೆ ಹಸಿರು ಬಣ್ಣದ ‘ಕಿಲುಬು’ ಹತ್ತುತ್ತದೆ. ಹುಣಿಸೆಹಣ್ಣಿನಲ್ಲಿರುವ ಟಾರ್ಟಾರಿಕ್ ಆಮ್ಲ ಈ ಪದರವನ್ನು ಕರಗಿಸುತ್ತದೆ. ಕಟ್ಟಿಗೆಯ ಬೂದಿಯಲ್ಲಿರುವ ಪೊಟ್ಯಾಸಿಯಂ ಕಾರ್ಬೊನೇಟ್ ಎಂಬ ಕ್ಷಾರವು ಜಿಡ್ಡನ್ನು ಬಿಡಿಸುತ್ತದೆ. ಬೂದಿಯ ಸಣ್ಣ ಕಣಗಳು ಉಳಿದ ಕಲೆಯನ್ನು ತಿಕ್ಕಿ ತೆಗೆಯುತ್ತವೆ. ಮೊದಲು ಹುಳಿ, ಅನಂತರ ಬೂದಿ, ಕಡೆಗೆ ನೀರು ಎಂಬ ಹಿರಿಯರ ಕ್ರಮ ಸಕಾರಣವಾದುದು. ತಿಕ್ಕುವುದಕ್ಕೆ ತೆಂಗಿನ ನಾರು.

ಈ ಕೆಲಸದಲ್ಲಿ ಪಾತ್ರೆಗೆ ಯಾವ ಹೊಸ ಹೊಳಪನ್ನೂ ಕೊಡುವುದಿಲ್ಲ. ಹುಣಿಸೆಹಣ್ಣಿನಲ್ಲಿ ಹೊಳಪಿಲ್ಲ, ಬೂದಿಯಲ್ಲಿ ಹೊಳಪಿಲ್ಲ, ನಾರಿನಲ್ಲಿ ಹೊಳಪಿಲ್ಲ. ಹೊಳಪಿಲ್ಲದ ಮೂರು ವಸ್ತುಗಳಿಂದ ಹೊಳಪು ಹೊರಬರಬೇಕಾದರೆ ಅದು ಲೋಹದಲ್ಲಿಯೇ ಇದ್ದಿರಬೇಕು. ಇದರ ಪಕ್ಕದಲ್ಲಿ ‘ಕಲಾಯಿ’ಯನ್ನು ನೆನೆಯಬಹುದು. ಹಿತ್ತಾಳೆಯ ಪಾತ್ರೆಯಲ್ಲಿ ಹುಳಿಯ ಅಡಿಗೆ ಕೆಡದಿರಲೆಂದು ಒಳಮೈಗೆ ತವರದ ತೆಳುಲೇಪ ಕೊಡುವ ಕ್ರಿಯೆ ಅದು. ಅದು ಉಪಯುಕ್ತವಾದ ಕೆಲಸ. ಆದರೆ ಆ ಬಿಳುಪು ತವರದ್ದು, ಹಿತ್ತಾಳೆಯದಲ್ಲ. ಸವೆದಾಗ ಮತ್ತೆ ಹಾಕಿಸಲೇಬೇಕು. ಕಲಾಯಿಯನ್ನು ‘ಹಾಕಿಸು’ತ್ತಾರೆ, ಪಾತ್ರೆಯನ್ನು ‘ಬೆಳಗು’ತ್ತಾರೆ. ಜನರ ಮಾತು ಈ ಭೇದವನ್ನು ಎಲ್ಲಿಯೂ ತಪ್ಪಿಲ್ಲ.

ವಚನಗಳಲ್ಲಿ ಬೆಳಗು

12ನೆಯ ಶತಮಾನದ ಶರಣರು ತಮ್ಮ ಅನುಭಾವವನ್ನು ನುಡಿಯಲು ಜನರಾಡುವ ಕನ್ನಡವನ್ನು ಆರಿಸಿಕೊಂಡರು. ಸಂಸ್ಕೃತದ ‘ಜ್ಯೋತಿ’, ‘ಪ್ರಕಾಶ’, ‘ತೇಜ’ಗಳು ಅವರಿಗೆ ತಿಳಿಯದವುಗಳೇನೂ ಅಲ್ಲ, ಅವುಗಳನ್ನೂ ಬಳಸಿದ್ದಾರೆ. ಆದರೆ ಅಲ್ಲಮಪ್ರಭು, ಅಕ್ಕಮಹಾದೇವಿ ಮೊದಲಾದವರಲ್ಲಿ ಪರಮ ಅನುಭವದ ಮಾತು ಬಂದಾಗ ‘ಬೆಳಗು’ ಎಂಬ ಅಚ್ಚಗನ್ನಡ ಶಬ್ದ ಮುಂದೆ ಬರುತ್ತದೆ. ‘ಬಯಲು’ ಎಂಬುದರ ಜೊತೆಗೆ ‘ಬೆಳಗು’ ಶರಣರ ಪರಿಭಾಷೆಯಲ್ಲಿ ಸ್ಥಿರವಾಯಿತು. ‘ಮಹಾಬೆಳಗು’ ಎಂಬ ಸಮಾಸವೂ ರೂಢವಾಯಿತು.

ವಿದ್ಯಾರ್ಥಿಗಳು ಇಲ್ಲಿ ಎರಡು ಬಗೆಯಲ್ಲಿ ಎಡವುವುದುಂಟು. ‘ಬೆಳಗು’ ಎಂದು ಕಂಡಲ್ಲೆಲ್ಲ ‘ಬೆಳಗಿನ ಹೊತ್ತು’ ಎಂದು ಭಾವಿಸುವುದು ಒಂದು. ಎಲ್ಲೆಡೆಯೂ ಪಾತ್ರೆ ಉಜ್ಜುವ ಅರ್ಥವನ್ನು ಬಲವಂತವಾಗಿ ಹೊರಿಸುವುದು ಇನ್ನೊಂದು. ಎರಡೂ ಸಲ್ಲವು. ಶಬ್ದ ನಾಮಪದವೋ ಕ್ರಿಯಾಪದವೋ ಎಂಬುದನ್ನು ಮೊದಲು ನೋಡಬೇಕು. ಕ್ರಿಯಾಪದವಾದರೆ ಕರ್ಮವಿದೆಯೋ ಇಲ್ಲವೋ ಎಂಬುದನ್ನು ಅನಂತರ ನೋಡಬೇಕು. ನಾಮಪದವಾದಲ್ಲಿ ಅದು ಪ್ರಾಯಶಃ ವಸ್ತುವಿನ ಸ್ವರೂಪವನ್ನು ಹೇಳುತ್ತದೆ. ಅಕರ್ಮಕವಾದಲ್ಲಿ ಆ ಸ್ವರೂಪ ತಾನಾಗಿ ತೋರಿಕೊಳ್ಳುವುದನ್ನು ಹೇಳುತ್ತದೆ. ಸಕರ್ಮಕವಾದಲ್ಲಿ ಸಾಧಕನ ಇಲ್ಲವೆ ಗುರುವಿನ ಕೆಲಸವನ್ನು ಹೇಳುತ್ತದೆ. ಮೂರು ಅವಸ್ಥೆಗಳಿಗೂ ಒಂದೇ ಶಬ್ದ ದೊರೆತುದು ಶರಣರ ಭಾಗ್ಯ. ಇರುವುದು, ತೋರುವುದು, ತೋರಿಸುವುದು ಎಂಬ ಮೂರನ್ನು ಬೇರೆ ಬೇರೆ ಶಬ್ದಗಳಿಂದ ಹೇಳಿದ್ದರೆ ಅವು ಮೂರು ಬೇರೆ ಸಂಗತಿಗಳೆಂಬ ಭ್ರಾಂತಿ ಹುಟ್ಟುತ್ತಿತ್ತು.

ಸಿದ್ಧಾಂತದ ಮಾತಿಗೆ ಬಂದರೆ, ಆಣವ, ಮಾಯಾ, ಕಾರ್ಮಿಕ ಎಂಬ ಮಲತ್ರಯಗಳು ಜೀವನನ್ನು ಮುಸುಕಿವೆ ಎಂಬುದು ಶೈವಶಾಸ್ತ್ರಗಳ ಸಮಾನ ನಿಲುವು. ತಮಿಳುನಾಡಿನ ಶೈವಸಿದ್ಧಾಂತಿಗಳು ಆಣವಮಲಕ್ಕೆ ತಾಮ್ರದ ಕಿಲುಬನ್ನೇ ಹೋಲಿಕೆಯಾಗಿ ಕೊಡುವುದು ಪ್ರಸಿದ್ಧ. ತಾಮ್ರದೊಡನೆ ಕಿಲುಬು ಹೇಗೋ ಆತ್ಮನೊಡನೆ ಆಣವವು ಹಾಗೆ ಎಂಬುದು ಅವರ ದೃಷ್ಟಾಂತ. ವೀರಶೈವದಲ್ಲಿ ಈ ಮಲಗಳ ನಿವೃತ್ತಿಗಾಗಿ ಮೂರು ದೀಕ್ಷೆಗಳು ಹೇಳಲ್ಪಟ್ಟಿವೆ. ಕ್ರಿಯಾದೀಕ್ಷೆಯಿಂದ ಸ್ಥೂಲತನುವಿನ ಕಾರ್ಮಿಕಮಲ, ಮಂತ್ರದೀಕ್ಷೆಯಿಂದ ಸೂಕ್ಷ್ಮತನುವಿನ ಮಾಯಾಮಲ, ವೇಧಾದೀಕ್ಷೆಯಿಂದ ಕಾರಣತನುವಿನ ಆಣವಮಲ ಕಳೆದು ಆಯಾ ತನುಗಳಲ್ಲಿ ಇಷ್ಟ, ಪ್ರಾಣ, ಭಾವಲಿಂಗಗಳ ಸಂಬಂಧವಾಗುತ್ತದೆ. ಗುರುವು ಶಿಷ್ಯನಿಗೆ ಇಲ್ಲದ ಬೆಳಕನ್ನು ಹೊರಗಿನಿಂದ ತಂದು ಬಳಿಯುವುದಿಲ್ಲ. ಅವನಲ್ಲಿಯೇ ಇರುವ ಚಿತ್ಕಳೆಯನ್ನು ಹೊರಗೆ ತಂದು ಕರಸ್ಥಲದಲ್ಲಿ ನೆಲೆಗೊಳಿಸುತ್ತಾನೆ. ದೀಕ್ಷೆ ಕಲಾಯಿಯಲ್ಲ, ಬೆಳಗುವಿಕೆ. ಈ ಒಂದು ವಾಕ್ಯವನ್ನು ಅರ್ಥಮಾಡಿಕೊಳ್ಳಲು ಪುಟಗಟ್ಟಲೆ ಶಾಸ್ತ್ರ ಬೇಕಾಗಬಹುದು. ಕನ್ನಡದ ಗೃಹಿಣಿಗೆ ಅದು ಒಂದು ಕ್ರಿಯಾಪದದಲ್ಲಿಯೇ ತಿಳಿದಿತ್ತು.

ಕನ್ನಡಿಯ ದೃಷ್ಟಾಂತ

ವಚನಗಳಲ್ಲಿ ಬರುವ ಕನ್ನಡಿಯ ಉಪಮಾನವನ್ನೂ ಈ ಬೆಳಕಿನಲ್ಲಿ ನೋಡಬೇಕಾಗಿದೆ. ಇಂದಿನ ಕನ್ನಡಿ ಗಾಜಿನದು. ಅದರ ಹಿಂಬದಿಗೆ ಲೋಹದ ಲೇಪವಿರುತ್ತದೆ. ಗಾಜಿಗೆ ಬೆಳ್ಳಿಯ ಲೇಪ ಕೊಡುವ ರಾಸಾಯನಿಕ ವಿಧಾನವನ್ನು ಜರ್ಮನಿಯ ಲೀಬಿಗ್ ಕಂಡುಹಿಡಿದುದು 1835ರಲ್ಲಿ. ಶರಣರ ಕಾಲದ ಕನ್ನಡಿ ಲೋಹದ್ದು. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದ ಪ್ರಸಿದ್ಧ ಮದನಿಕೆಯ ಕೈಯಲ್ಲಿರುವ ದುಂಡನೆಯ ದರ್ಪಣ ಆ ಕಾಲದ ಕನ್ನಡಿಯ ಆಕಾರವನ್ನು ತೋರಿಸುತ್ತದೆ. ಕೇರಳದ ಆರನ್ಮುಳದಲ್ಲಿ ತಾಮ್ರ ಮತ್ತು ತವರಗಳ ಮಿಶ್ರಲೋಹದಿಂದ ಇಂದಿಗೂ ಅಂತಹ ಕನ್ನಡಿಗಳನ್ನು ಮಾಡುತ್ತಾರೆ. ಎರಕ ಹೊಯ್ದ ಬಿಲ್ಲೆಯನ್ನು ದಿನಗಟ್ಟಲೆ ಉಜ್ಜಿದ ಮೇಲೆಯೇ ಅದರಲ್ಲಿ ಮುಖ ಮೂಡುವುದು.

ಲೋಹದ ಕನ್ನಡಿಗೂ ಗಾಜಿನ ಕನ್ನಡಿಗೂ ದೃಷ್ಟಾಂತದಲ್ಲಿ ಬಹಳ ಅಂತರವಿದೆ. ಗಾಜಿನ ಕನ್ನಡಿಯ ಮೇಲೆ ಕೂತ ಧೂಳನ್ನು ಒರಸಿದರೆ ಸಾಕು. ಲೋಹದ ಕನ್ನಡಿಯನ್ನು ಸುಮ್ಮನೆ ಬಿಟ್ಟರೆ ಅದರ ಮೈಯೇ ಮಂಕಾಗುತ್ತದೆ. ಮತ್ತೆ ಮತ್ತೆ ಬೆಳಗದೆ ವಿಧಿಯಿಲ್ಲ. ಮನಸ್ಸನ್ನು ಕನ್ನಡಿಗೆ ಹೋಲಿಸುವ ಮಾತನ್ನು ಓದುವಾಗ ಗಾಜಿನ ಕನ್ನಡಿಯನ್ನು ನೆನೆದರೆ ಸಾಧನೆ ಒಮ್ಮೆ ಮಾಡಿ ಮುಗಿಸುವ ಕೆಲಸವೆಂದು ತೋರುತ್ತದೆ. ಲೋಹದ ಕನ್ನಡಿಯನ್ನು ನೆನೆದರೆ ಅದು ನಿತ್ಯದ ಕೆಲಸವೆಂದು ತಿಳಿಯುತ್ತದೆ. ಶರಣರ ಸಮೂಹದಲ್ಲ��ಯೇ ಕನ್ನಡಿ ಕಾಯಕದ ಅಮ್ಮಿದೇವಯ್ಯ, ಕನ್ನಡಿ ಕಾಯಕದ ರೇಮಮ್ಮ ಎಂಬ ವಚನಕಾರರು ಇದ್ದರೆಂಬುದನ್ನು ಇಲ್ಲಿ ಸ್ಮರಿಸಬೇಕು. ಕನ್ನಡಿ ಅವರಿಗೆ ಅಲಂಕಾರಶಾಸ್ತ್ರದ ಉಪಮಾನವಲ್ಲ. ದಿನವೂ ಕೈಯಲ್ಲಿ ಹಿಡಿದ ವಸ್ತು.

ಭಸಿತವೆಂಬ ಹೆಸರು

ಪಾತ್ರೆ ಬೆಳಗುವ ಬೂದಿಗೂ ಅಷ್ಟಾವರಣಗಳಲ್ಲಿ ಒಂದಾದ ವಿಭೂತಿಗೂ ಶಬ್ದದ ದಾರಿಯಲ್ಲಿ ಒಂದು ಭೇಟಿಯಿದೆ. ‘ಸಿದ್ಧಾಂತಶಿಖಾಮಣಿ’ಯು ವಿಭೂತಿ, ಭಸಿತ, ಭಸ್ಮ, ಕ್ಷಾರ, ರಕ್ಷಾ ಎಂಬ ಐದು ಹೆಸರುಗಳನ್ನು ಹೇಳಿ, ಒಂದೊಂದಕ್ಕೂ ನಿರ್ವಚನ ಕೊಡುತ್ತದೆ. ತತ್ತ್ವವನ್ನು ಪ್ರಕಾಶಗೊಳಿಸುವುದರಿಂದ ‘ಭಸಿತ’, ಆಪತ್ತುಗಳನ್ನು ಕಳೆಯುವುದರಿಂದ ‘ಕ್ಷಾರ’ ಎಂಬುದು ಅಲ್ಲಿಯ ತಾತ್ಪರ್ಯ. ವೈಯಾಕರಣರ ದೃಷ್ಟಿಯಲ್ಲಿ ಭಸಿತ ಮತ್ತು ಭಸ್ಮಗಳು ಅಗಿದು ನುಂಗುವುದೆಂಬ ಅರ್ಥದ ‘ಭಸ್’ ಧಾತುವಿನಿಂದ ಬಂದವು. ಬೆಂಕಿ ತಿಂದು ಉಳಿಸಿದುದು ಎಂದು ಅವುಗಳ ಅರ್ಥ. ಹೀಗಿರುವಲ್ಲಿ ‘ಪ್ರಕಾಶಗೊಳಿಸುವುದು’ ಎಂಬ ನಿರ್ವಚನ ಭಕ್ತಿಯ ದೃಷ್ಟಿಯಿಂದ ಕೊಟ್ಟದ್ದೆಂದು ಒಪ್ಪಬೇಕು. ಆದರೂ ಅದು ನಿರಾಧಾರವಲ್ಲ. ಬೂದಿ ಬೆಳಗುತ್ತದೆ ಎಂಬುದು ಎಲ್ಲರ ಅನುಭವ. ಇಷ್ಟಲಿಂಗದ ಬೆಳ್ಳಿಯ ಕರಡಿಗೆ ಕಪ್ಪಾದಾಗ ಹಿರಿಯರು ಅದನ್ನು ವಿಭೂತಿಯಿಂದಲೇ ತಿಕ್ಕುವರು. ಗಾಳಿಯಲ್ಲಿರುವ ಗಂಧಕದ ಅಂಶದಿಂದ ಬೆಳ್ಳಿಯ ಮೇಲೆ ಕಟ್ಟಿದ ಕರಿಯ ಪದರವನ್ನು ಆ ನಯವಾದ ಪುಡಿ ಗೀರು ಬೀಳದಂತೆ ಬಿಡಿಸುತ್ತದೆ. ಉರಿದು ಉರಿದು ತನ್ನದೆಂಬುದೇನೂ ಉಳಿಯದ ವಸ್ತು ಮತ್ತೊಂದನ್ನು ಬೆಳಗಲು ಅರ್ಹವಾಯಿತು ಎಂಬುದರಲ್ಲಿ ಭಕ್ತರು ತಮ್ಮ ಪಾಠವನ್ನು ಕಂಡರೆ ಆಶ್ಚರ್ಯವಿಲ್ಲ.

ಬೆಳಗುವವರ ಸ್ಥಾನ

ಕಡೆಯದಾಗಿ, ಈ ಶಬ್ದಕ್ಕೆ ಇಂದು ಒದಗಿರುವ ಸ್ಥಿತಿಯನ್ನು ನೋಡಬೇಕು. 1913ರಲ್ಲಿ ಇಂಗ್ಲೆಂಡಿನ ಷೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ತಯಾರಿಸಿದ ಕ್ರೋಮಿಯಂ ಬೆರೆತ ಉಕ್ಕು ಮುಂದೆ ತುಕ್ಕು ಹಿಡಿಯದ ಸ್ಟೀಲ್ ಎಂದು ಹೆಸರಾಯಿತು. ಕ್ರೋಮಿಯಂ ತಾನೇ ಗಾಳಿಯೊಡನೆ ಸೇರಿ ಕಣ್ಣಿಗೆ ಕಾಣದ ಪೊರೆಯೊಂದನ್ನು ಕಟ್ಟಿ ಒಳಗಿನ ಉಕ್ಕನ್ನು ಕಾಯುತ್ತದೆ. 20ನೆಯ ಶತಮಾನದ ಉತ್ತರಾರ್ಧದಲ್ಲಿ ಸ್ಟೀಲ್ ಪಾತ್ರೆಗಳು ಮನೆಮನೆಯನ್ನು ತುಂಬಿದವು, ಹಿತ್ತಾಳೆ ಅಟ್ಟವೇರಿತು. ಅನಿಲದ ಒಲೆ ಬಂದ ಮೇಲೆ ಬೂದಿಯೂ ಇಲ್ಲವಾಯಿತು. ಸ್ಟೀಲ್ ಪಾತ್ರೆಯನ್ನು ‘ತೊಳೆ’ದರೆ ಸಾಕು, ಬೆಳಗುವ ಪ್ರಮೇಯ ಕಡಮೆ. ಪಟ್ಟಣಗಳಲ್ಲಿ ಅದೂ ಹೋಗಿ ‘ಕ್ಲೀನ್ ಮಾಡು’ ಎಂಬುದು ಬಂದಿದೆ. ‘ಪಾತ್ರೆ ಬೆಳಗು’ ಎಂಬ ಮಾತು ಹಿರಿಯರ ಬಾಯಲ್ಲಿ, ಹಳ್ಳಿಗಳಲ್ಲಿ, ಹಬ್ಬದ ಮುನ್ನಾದಿನಗಳಲ್ಲಿ ಉಳಿದಿದೆ. ಹೆಂಗಸರ ಶ್ರಮ ಕಡಮೆಯಾದುದಕ್ಕೆ ಯಾರೂ ದುಃಖಿಸಬೇಕಾಗಿಲ್ಲ. ಶ್ರಮದೊಡನೆ ಶಬ್ದವೂ, ಶಬ್ದದೊಡನೆ ಅದರೊಳಗಿನ ಅರಿವೂ ಹೋಗದಿರಲಿ ಎಂಬುದಷ್ಟೇ ಕಾಳಜಿಯ ವಿಷಯ.

ಇನ್ನೊಂದು ಮಾತು ಇದಕ್ಕಿಂತಲೂ ಮುಖ್ಯವಾದುದು. ಎಂಜಲು ಮುಸುರೆಯ ಕೆಲಸವನ್ನು ಸಮಾಜ ಕೀಳೆಂದು ಎಣಿಸಿತು. ಅದನ್ನು ಮಾಡುವವರನ್ನು ಬಚ್ಚಲ ಬಳಿಯೇ ನಿಲ್ಲಿಸಿತು. ಆದರೆ ಭಾಷೆ ಹಾಗೆ ಎಣಿಸಲಿಲ್ಲ. ಗರ್ಭಗುಡಿಯಲ್ಲಿ ಆರತಿ ಎತ್ತುವವನಿಗೂ ಹಿತ್ತಲಲ್ಲಿ ಕೊಪ್ಪರಿಗೆ ತಿಕ್ಕುವವಳಿಗೂ ಅದು ಒಂದೇ ಕ್ರಿಯಾಪದವನ್ನು ಕೊಟ್ಟಿತು. ಇಬ್ಬರೂ ಬೆಳಗುವವರೇ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಸಾರಿದ ಶರಣರು ಬಟ್ಟೆ ಒಗೆಯುವ ಮಾಚಿದೇವನನ್ನು, ಅಕ್ಕಿ ಆಯುವ ಲಕ್ಕಮ್ಮನನ್ನು, ಅಂಗಳ ಗುಡಿಸುವ ಸತ್ಯಕ್ಕನನ್ನು ತಮ್ಮ ಸಾಲಿನಲ್ಲಿಯೇ ಕುಳ್ಳಿರಿಸಿಕೊಂಡರು. ಅವರ ನಡೆಗೆ ಕನ್ನಡ ನುಡಿ ಮೊದಲೇ ದಾರಿ ಮಾಡಿಟ್ಟಿತ್ತು ಎನ್ನಬಹುದು. ದಾಸೋಹದ ಪಂಕ್ತಿ ಮುಗಿದ ಮೇಲೆ ಮಠದ ಹಿತ್ತಲಿನಲ್ಲಿ ಕೊಪ್ಪರಿಗೆಗಳ ಸದ್ದು ಕೇಳುತ್ತದೆ. ಅದು ಪೂಜೆ ಮುಗಿದ ಮೇಲಿನ ಗದ್ದಲವಲ್ಲ, ಪೂಜೆಯ ಮುಂದುವರಿದ ಭಾಗವೇ.

ವಚನಗಳು ಉಳಿದುಬಂದ ಬಗೆಯಲ್ಲಿಯೂ ಈ ಕ್ರಿಯೆಗೆ ಒಂದು ಪಾತ್ರವಿದೆ. ತಾಳೆಯೋಲೆಯ ಮೇಲೆ ಕಂಠದಿಂದ ಕೊರೆದ ಅಕ್ಷರ ಮೊದಲಿಗೆ ಕಣ್ಣಿಗೆ ಕಾಣುವುದಿಲ್ಲ. ಗರಿಯ ಮೇಲೆ ಮಸಿಯನ್ನು ತಿಕ್ಕಿ ಬಟ್ಟೆಯಿಂದ ಒರಸಿದಾಗ ಮೇಲಿನ ಮಸಿ ಹೋಗಿ, ಕೊರೆದ ಗೆರೆಗಳಲ್ಲಿ ನಿಂತ ಮಸಿಯಿಂದ ಅಕ್ಷರ ಎದ್ದು ಕಾಣುತ್ತದೆ. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದ ಫ. ಗು. ಹಳಕಟ್ಟಿಯವರು ಊರೂರು ಅಲೆದು ಕೂಡಿಹಾಕಿದ ಕಟ್ಟುಗಳು ಇಂತಹ ಗರಿಗಳವು. ಅವರು ವಚನಗಳನ್ನು ಹೊಸದಾಗಿ ಸೃಷ್ಟಿಸಲಿಲ್ಲ, ಅವುಗಳಿಗೆ ಮೆರುಗು ಕೊಡಲಿಲ್ಲ. ಧೂಳು ಹೊಗೆಗಳ ಕೆಳಗೆ ಇದ್ದುದನ್ನು ಬೆಳಗಿದರು. ಓದುಗನ ಪಾಲಿಗೆ ಉಳಿದಿರುವುದೂ ಅದೇ ಕೆಲಸ. ಶಬ್ದಗಳ ಮೇಲೆ ಮರವೆಯ ಕಿಲುಬು ದಿನವೂ ಹತ್ತುತ್ತದೆ, ದಿನವೂ ಬೆಳಗಬೇಕು.